ಕೈರವಾನಿಗೆ ಹೊರಟ ಗೆಳೆಯನಿಗೆ

ಗೆಳೆಯಾ,

ಟ್ಯುನೀಶಿಯಾದಲ್ಲಿ ಸಿಗೋದು ಒಂದೇ ಬಿಡುವಿನ ದಿನ ಅಂತಾದರೆ ಅದನ್ನು ಕೈರವಾನಿನ ದೊಡ್ಡ ಮಸೀದಿಗೆ ಕೊಡು. ಶುಕ್ರವಾರ ಮಾತ್ರ ಬೇಡ, ಅವತ್ತು ನಮಾಜಿಗೆ ಮುಂಚೆಯೇ ಪ್ರವಾಸಿಗರನ್ನು ಹೊರಡಿಸುತ್ತಾರೆ. ಉಳಿದ ದಿನಗಳಲ್ಲೂ ಮಧ್ಯಾಹ್ನವನ್ನು ನಂಬಿ ಕೂರಬೇಡ. ಬೆಳಿಗ್ಗೆ ಒಂಬತ್ತಕ್ಕೆಲ್ಲ ಬಾಗಿಲಲ್ಲಿರು.

ರಾಜಧಾನಿ ಟ್ಯೂನಿಸ್‌ನಿಂದ ಸುಮಾರು 160 ಕಿ.ಮೀ. ಲುವಾಜ್ ಅನ್ನುವ ಎಂಟು ಸೀಟಿನ ಬಿಳಿ ವ್ಯಾನುಗಳಿವೆ, ಕೆಂಪು ಪಟ್ಟೆಯದ್ದನ್ನು ಹಿಡಿ, ದೂರದೂರಿಗೆ ಹೋಗೋದು ಅದೇ. ಟೈಮ್‌ಟೇಬಲ್ ಇಲ್ಲ. ಸೀಟು ತುಂಬಿದರೆ ಹೊರಡುತ್ತೆ, ನಮ್ಮ ಮ್ಯಾಕ್ಸಿಕ್ಯಾಬ್ ಲೆಕ್ಕ. ದಿನಾರ್ ನೋಟು ಇಲ್ಲಿಂದ ಒಯ್ಯಲಾಗದು. ಆ ದೇಶದ ಒಳಗೆ ತರೋದೂ ಹೊರಗೆ ಒಯ್ಯೋದೂ ಕಾನೂನಿಗೆ ವಿರುದ್ಧ. ಅಲ್ಲೇ ಬದಲಾಯಿಸಿ ಚಿಲ್ಲರೆ ಇಟ್ಟುಕೋ.

ಹಳೇ ಪೇಟೆಯ ಗಲ್ಲಿಯಲ್ಲಿ ಯಾರಾದರೂ "ಮಸೀದಿ ಇವತ್ತು ಬಂದ್, ನಮ್ಮ ತಾರಸಿಯಿಂದ ಚೆನ್ನಾಗಿ ಕಾಣುತ್ತೆ" ಅಂದರೆ ಅದು ರತ್ನಗಂಬಳಿ ಅಂಗಡಿಯ ತಾರಸಿ. ಕಾಣೋದೇನೋ ಚೆನ್ನಾಗೇ ಕಾಣುತ್ತೆ, ಇಳಿಯೋದು ಕಷ್ಟ.

ಮುಸ್ಲಿಮೇತರರಿಗೆ ಪ್ರಾರ್ಥನಾ ಮಂಟಪದೊಳಗೆ ಪ್ರವೇಶವಿಲ್ಲ. ಅಂಗಳ, ಸುತ್ತಲಿನ ಕಮಾನಿನ ಪಡಸಾಲೆ, ಅಷ್ಟೇ. ಬಹಳ ಜನ ಇಷ್ಟಕ್ಕೇ ಮುಖ ಸಣ್ಣದು ಮಾಡಿಕೊಂಡು ಹತ್ತು ನಿಮಿಷದಲ್ಲಿ ಹೊರಬೀಳುತ್ತಾರೆ. ಅವರು ಅಂಗಳವನ್ನು ನೋಡಿಯೇ ಇರುವುದಿಲ್ಲ.

ಅದರ ನೆಲ ಸಪಾಟಾಗಿಲ್ಲ, ನಾಲ್ಕೂ ಕಡೆಯಿಂದ ನಡುವಿಗೆ ಇಳಿಜಾರು. ನಡುವೆ ಕೆತ್ತನೆಯ ಅಮೃತಶಿಲೆಯ ಚಪ್ಪಡಿಯೊಂದು ತಗ್ಗಿನಲ್ಲಿ ಕೂತಿದೆ. ಬಗ್ಗಿ ನೋಡು: ಅಂಚಿನಲ್ಲಿ ಕಮಾನಿನಾಕಾರದ ಕಚ್ಚುಗಳು. ಮಳೆನೀರು ಒಮ್ಮೆಲೇ ನುಗ್ಗದೆ ಅವುಗಳಲ್ಲಿ ಸುತ್ತಿ, ನಿಧಾನವಾಗಿ, ಹೂಳನ್ನು ಅಲ್ಲೇ ಬಿಟ್ಟು ನೆಲದಡಿಯ ತೊಟ್ಟಿಗೆ ಇಳಿಯುತ್ತೆ. ಹೊಳೆಯಿಲ್ಲದ ಒಣ ಬಯಲಿನ ಊರಿಗೆ ಇದು ಅಲಂಕಾರವಲ್ಲ, ಕುಡಿಯುವ ನೀರು. ತೊಟ್ಟಿಯಿಂದ ಸೇದಲು ಇರುವ ಬಾವಿಬಾಯಿಗಳು ಹಳೇ ರೋಮನ್ ಕಂಬಗಳ ಪೀಠ ಕೊರೆದು ಮಾಡಿದವು. ಹಗ್ಗ ಉಜ್ಜಿ ಉಜ್ಜಿ ಅಮೃತಶಿಲೆಯಲ್ಲಿ ಬಿದ್ದ ಕೊರಕಲುಗಳಲ್ಲಿ ಬೆರಳು ಆರಾಮಾಗಿ ಕೂರುತ್ತೆ. ನಮ್ಮ ಹಳೇ ಬಾವಿಕಟ್ಟೆ ಕಂಡವನಿಗೆ ಬೇರೆ ವಿವರಣೆ ಬೇಕಿಲ್ಲ.

ಅರಬ್ ದಂಡನಾಯಕ ಉಕ್ಬಾ ಇಬ್ನ್ ನಾಫಿ 670ರಲ್ಲಿ ಮೊದಲ ಮಸೀದಿ ಕಟ್ಟಿಸಿದ್ದು. ಈಗ ಕಾಣುವ ರೂಪ ಬಹುಪಾಲು 836ರದ್ದು, ಅಗ್ಲಾಬಿದ್ ವಂಶದ ದೊರೆ ಜಿಯಾದತ್ ಅಲ್ಲಾನ ಕಾಲದ್ದು. ಮಿನಾರಿನ ಎತ್ತರ ಮೂವತ್ತೊಂದು ಮೀಟರಿಗಿಂತ ತುಸು ಹೆಚ್ಚು. ಅದರ ಬುಡದಲ್ಲಿ ಲ್ಯಾಟಿನ್ ಅಕ್ಷರದ ಕಲ್ಲು ಹುಡುಕು, ಒಂದನ್ನು ತಲೆಕೆಳಗಾಗಿ ಕೂರಿಸಿದ್ದಾರೆ. ಮಿನಾರು ಉತ್ತರದ ಬದಿಗಿರುವುದರಿಂದ ಅಂಗಳದ ಕಡೆಯ ಮುಖಕ್ಕೆ ಬೆಳಗಿನ ಬಿಸಿಲು ಸಿಗುತ್ತೆ. ಫೋಟೋ ಆಗಲೇ ಮುಗಿಸು.

ಆಮೇಲೆ ಮಂಟಪದ ನಡುಬಾಗಿಲಿಗೆ ಬಾ. ಬೇರೆ ಯಾವ ಬಾಗಿಲಲ್ಲಿ ಇಣುಕಿದರೂ ಕಂಬಗಳೇ ಅಡ್ಡ. ಇಲ್ಲಿಂದ ಮಾತ್ರ ಅಗಲವಾದ ನಡುಸಾಲು ನೇರವಾಗಿ ಮಿಹ್ರಾಬಿನವರೆಗೆ, ಅಂದರೆ ಮೆಕ್ಕಾ ದಿಕ್ಕು ತೋರಿಸುವ ಗೋಡೆಗೂಡಿನವರೆಗೆ, ತೆರೆದುಕೊಳ್ಳುತ್ತೆ. ಬಿಸಿಲಿನಿಂದ ಬಂದವನೇ ನೋಡಿದರೆ ಬರೀ ಕತ್ತಲೆ, ಪಡಸಾಲೆಯ ನೆರಳಲ್ಲಿ ಎರಡು ನಿಮಿಷ ನಿಂತು ಕಣ್ಣು ಹೊಂದಿಸಿಕೋ. ಮಿಹ್ರಾಬು ಇರೋದು ಮೂವತ್ತೈದು ಮೀಟರಿಗೂ ಆಚೆ, ಹಾಗಾಗಿ ಸಣ್ಣ ಬೈನಾಕ್ಯುಲರ್ ಖಂಡಿತ ಒಯ್ಯಿ. ಅದಿಲ್ಲದೆ ಸುತ್ತಲಿನ 139 ಹೊಳಪಿನ ಹೆಂಚುಗಳು ಬರೀ ಮಸುಕು ಚೌಕಗಳು. ಒಂಬತ್ತನೇ ಶತಮಾನದ ಆ ಹೆಂಚುಗಳ ಹೊನ್ನಿನ ಮಿಂಚು ಮೊಬೈಲ್ ಜೂಮಿಗೆ ಸಿಗೋದಿಲ್ಲ.

ಮಿಹ್ರಾಬಿನ ಬಲಕ್ಕೆ ಪ್ರವಚನಕ್ಕೆ ಹತ್ತುವ ಮೆಟ್ಟಿಲಿನ ಮರದ ಪೀಠವಿದೆಯಲ್ಲ, ಮಿಂಬರ್, ಉಳಿದಿರುವವುಗಳಲ್ಲಿ ಅತಿ ಹಳೆಯದು ಅದೇ. ಮುನ್ನೂರಕ್ಕೂ ಹೆಚ್ಚು ಕೆತ್ತನೆಯ ಫಲಕಗಳು, ಎಲ್ಲ ಸಾಗುವಾನಿ. ಆಫ್ರಿಕಾದ ಕಾಡಿನ ಮರವಲ್ಲ ಅದು, ನಮ್ಮ ಘಟ್ಟದ ಕಡೆಯಿಂದ ಬರ್ಮಾದಾಚೆವರೆಗಿನ ಸೀಮೆಯದು. ಸಮುದ್ರ ದಾಟಿ ಬಂದ ದಿಮ್ಮಿ!

ಕಂಬಗಳು ಮಸೀದಿಯಲ್ಲೆಲ್ಲ ಸೇರಿ ನಾನೂರಕ್ಕೂ ಮೇಲು. ಎಣಿಸಿದರೆ ಕಣ್ಣು ಹೋಗುತ್ತೆ ಅನ್ನೋ ಮಾತಿದೆ. ಎಣಿಸುವುದಕ್ಕಿಂತ ಕಂಬಗಳ ತಲೆ ನೋಡು: ರೋಮನ್, ಬೈಜಾಂಟಿನ್ ಪಾಳುಗಳಿಂದ ತಂದವಾದ್ದರಿಂದ ಒಂದರ ಎತ್ತರ ಒಂದಕ್ಕಿಲ್ಲ. ಆ ಏರುಪೇರನ್ನು ಪೀಠದಲ್ಲೂ ಬೋದಿಗೆಯ ಮೇಲಿನ ದಿಂಡುಗಳಲ್ಲೂ ಸರಿತೂಗಿಸಿ, ಕಮಾನುಗಳ ನಡುವೆ ಮರದ ತೊಲೆ ಬಿಗಿದಿದ್ದಾರೆ.

ಭುಜ, ಮೊಣಕಾಲು ಮುಚ್ಚುವ ಬಟ್ಟೆಯಿರಲಿ. ಜೊತೆಗೆ ಬರುವವಳಿಗೆ ದುಪಟ್ಟಾ. ಟಿಕೆಟ್ ಎಸೆಯಬೇಡ, ಊರಿನ ಬೇರೆ ಸ್ಮಾರಕಗಳಿಗೂ ಅದೇ ನಡೆಯುತ್ತೆ. ಗೋಡೆಯಾಚೆಯ ಅಗ್ಲಾಬಿದ್ ಕೊಳಗಳಿಗೆ ಹೋಗು, ಅಂಗಳದ ನೀರಿನ ಲೆಕ್ಕವನ್ನೇ ಅಲ್ಲಿ ಊರಳತೆಗೆ ಹಿಗ್ಗಿಸಿದ್ದಾರೆ. ದೊಡ್ಡದರ ವ್ಯಾಸ ಸುಮಾರು 128 ಮೀಟರ್, ಹೂಳು ತಡೆಯಲೆಂದೇ ಪಕ್ಕದಲ್ಲಿ ಚಿಕ್ಕದೊಂದು. ವಾಪಸಾಗುವಾಗ ಮಕ್ರೂದ್ ಕಟ್ಟಿಸಿಕೋ, ರವೆಯೊಳಗೆ ಖರ್ಜೂರ ತುಂಬಿ ಕರಿದು ಪಾಕಕ್ಕೆ ಹಾಕಿದ್ದು. ಡಬ್ಬಿ ಸೋರುತ್ತೆ, ಬ್ಯಾಗಿನಲ್ಲಿ ನೆಟ್ಟಗೆ ಇಡು.

ನಿನ್ನವ