ಶಾಂತಿ ಪ್ರಾರ್ಥನೆಯಲ್ಲಿ ಭಾಷಣ ಬೇಡ

ಮಾನ್ಯರೇ,

ಯುದ್ಧವೋ ಗಲಭೆಯೋ ಶುರುವಾದಾಗ ಚರ್ಚ್‌ಗಳಲ್ಲಿ ಶಾಂತಿಗಾಗಿ ಸಾಮೂಹಿಕ ಪ್ರಾರ್ಥನೆ ಏರ್ಪಡಿಸುತ್ತಾರೆ. ಸುಮ್ನೆ ಕೂತು ಪ್ರಾರ್ಥಿಸಿದರೆ ಏನಾಗುತ್ತದೆ ಅನ್ನುವವರು ಜರ್ಮನಿಯ ಲೈಪ್‌ಜಿಗ್ ನಗರವನ್ನು ನೆನೆಯಬೇಕು. ಅಲ್ಲಿನ ಸಂತ ನಿಕೋಲಸ್ ಚರ್ಚ್‌ನಲ್ಲಿ 1982ರಿಂದ ಪ್ರತಿ ಸೋಮವಾರ ಶಾಂತಿ ಪ್ರಾರ್ಥನೆ ನಡೆಯುತ್ತಿತ್ತು. 1989ರ ಅಕ್ಟೋಬರ್ 9ರಂದು ಪ್ರಾರ್ಥನೆ ಮುಗಿದ ಮೇಲೆ ಸುಮಾರು 70,000 ಜನ ಆಗಿನ ಪೂರ್ವ ಜರ್ಮನಿಯ ಕಮ್ಯುನಿಸ್ಟ್ ಸರ್ಕಾರದ ವಿರುದ್ಧ ಬೀದಿಯಲ್ಲಿ ನಡೆದರು. ಗುಂಡು ಹಾರಲಿಲ್ಲ. ಮರುತಿಂಗಳೇ ಬರ್ಲಿನ್ ನಗರವನ್ನು ಇಬ್ಭಾಗ ಮಾಡಿದ್ದ ಬರ್ಲಿನ್ ಗೋಡೆ ಬಿತ್ತು. (ಪ್ರಾರ್ಥನೆಯೊಂದೇ ಕಾರಣ ಅಂತ ನಾನೂ ಹೇಳುವುದಿಲ್ಲ.)

ಆದರೆ ಇಂಥ ಕೂಟಗಳಲ್ಲಿ ಈಗ ಭಾಷಣವೇ ಜಾಸ್ತಿ. ಬೈಬಲ್ ವಾಚನ, ಒಂದೆರಡು ಕೀರ್ತನೆ, ನಡುವೆ ಒಂದಿಷ್ಟು ಮೌನ ಸಾಕಲ್ವಾ? ಶತ್ರುಗಳನ್ನು ಪ್ರೀತಿಸಿ, ಹಿಂಸಿಸುವವರಿಗಾಗಿ ಪ್ರಾರ್ಥಿಸಿ ಎಂದು ಯೇಸುವೇ ಹೇಳಿದ್ದಾರೆ (ಮತ್ತಾಯ 5:44). ಹಾಗಾಗಿ ಎದುರಾಳಿಗಳ ಕಡೆ ಸತ್ತವರನ್ನೂ ಅಲ್ಲಿ ನೆನೆಯಲಿ.

– ಒಬ್ಬ ಓದುಗ