ಮಕ್ಕಳಿಗೆ ಮುಂದಿನ ಜಮಖಾನೆ

ಕಳೆದ ಜುಲೈನಲ್ಲಿ ಎಂಟು ವರ್ಷದ ಮಗಳನ್ನು ಕರೆದುಕೊಂಡು ಧಾರವಾಡಕ್ಕೆ ಹೋಗಿದ್ದೆ. ಜಿಟಿಜಿಟಿ ಮಳೆ. ಸಂಬಂಧಿಕರೊಬ್ಬರ ಮನೆಯ ಪಡಸಾಲೆಯಲ್ಲಿ ಒಂದು ಸಣ್ಣ ಬೈಠಕ್, ಅಂದರೆ ನೆಲದ ಮೇಲೆ ಕೂತು ಕೇಳುವ ಹಿಂದೂಸ್ತಾನಿ ಹಾಡಿಕೆ, ಇತ್ತು. ಮೂವತ್ತು ಜನ ಇದ್ದರೆ ಜಾಸ್ತಿ. ಮೈಕ್ ಇಲ್ಲ. ಮಗಳನ್ನು ಎಲ್ಲರಿಗಿಂತ ಮುಂದೆ, ಜಮಖಾನೆಯ ಅಂಚಿಗೆ ಕೂರಿಸಿದೆ.

ಹಾಡು ಶುರುವಾಗುವ ಮೊದಲೇ ಅವಳ ಕಣ್ಣು ತಂಬೂರಿಯ ಮೇಲೆ ಬಿತ್ತು. ಶ್ರುತಿ ಮಾಡುತ್ತಿದ್ದ ಹುಡುಗ ಕುದುರೆಯ (ತಂತಿಗಳು ಕೂರುವ ಪಟ್ಟಿ) ಮೇಲೆ, ತಂತಿಯ ಕೆಳಗಿದ್ದ ಸಣ್ಣ ದಾರವನ್ನು ಬೆರಳ ತುದಿಯಿಂದ ಸರಿಸುತ್ತಿದ್ದ. ಸರಿಸಿ ಮೀಟಿದ. ದನಿ ಮೊಂಡಾಗಿತ್ತು. ಕೂದಲೆಳೆಯಷ್ಟು ಮತ್ತೆ ಸರಿಸಿದ. ಥಟ್ಟನೆ ತಂತಿ ಜೇನುಹುಳದ ಹಾಗೆ ಗುಂಯ್ ಅಂದಿತು.

"ಅದೇನದು?" ಅಂದಳು ಮಗಳು, ಜೋರಾಗಿಯೇ.

"ಇದಕ್ಕ ಜೀವಾ ಅಂತಾರವ್ವಾ. ಬಾ ಇಲ್ಲೆ, ಕೈ ಇಟ್ಟು ನೋಡು" ಅಂದ ಆ ಹುಡುಗ.

ಅವಳು ತಂಬೂರಿಯ ಬುರುಡೆಯ ಮೇಲೆ ಅಂಗೈ ಇಟ್ಟಳು. ನಾಲ್ಕೂ ತಂತಿ ಮೀಟುತ್ತಾ ಹೋದ. ಅವಳಿಗೆ ಕೈ ತೆಗೆಯಲು ಮನಸ್ಸೇ ಬರಲಿಲ್ಲ. ಫೋನಿನ ಸಣ್ಣ ಸ್ಪೀಕರಿನಲ್ಲಿ ಖರ್ಜದ, ಅಂದರೆ ಎಲ್ಲಕ್ಕಿಂತ ತಗ್ಗು ದನಿಯ, ತಂತಿಯ ಆ ಗುಂಗು ಅರ್ಧದಷ್ಟೂ ಸಿಗುವುದಿಲ್ಲ. ಮೈಗೆ ತಾಗುವುದಂತೂ ದೂರವೇ ಉಳಿಯಿತು.

ಆಮೇಲೆ ಮಳೆಗಾಲದ ರಾಗ ಮಿಯಾ ಮಲ್ಹಾರ ಶುರುವಾಯಿತು. ಹೊರಗೆ ಹಂಚಿನ ಮೇಲೆ ಮಳೆ. ಅರ್ಧ ಗಂಟೆಯಲ್ಲಿ ಮಗಳು ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ನಾನು ಎಬ್ಬಿಸಲಿಲ್ಲ.

ನಾನು ಸಂಗೀತ ಕೇಳಲು ಕಲಿತದ್ದೂ ಹಾಗೆಯೇ, ನಿದ್ದೆಯ ನಡುವೆ. ಹುಬ್ಬಳ್ಳಿ ಹತ್ತಿರದ ಕುಂದಗೋಳದ ನಾಡಗೀರ ವಾಡೆಯಲ್ಲಿ, ಆ ಊರಿನ ಹಿರಿಯ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಪುಣ್ಯತಿಥಿಗೆ ರಾತ್ರಿಯಿಡೀ ಹಾಡಿಕೆ ನಡೆಯುತ್ತದೆ. ಅಪ್ಪ ನನ್ನನ್ನು ಕರೆದೊಯ್ಯುತ್ತಿದ್ದರು. ತಬಲಾದ ಹೊಡೆತಕ್ಕೆ ಎಚ್ಚರ, ನಿಧಾನ ಲಯದ ವಿಲಂಬಿತಕ್ಕೆ ಮತ್ತೆ ನಿದ್ದೆ. ಬೆಳಗಿನ ಜಾವ ಕಣ್ಣು ಬಿಟ್ಟರೆ ಯಾರೋ ಲಲಿತ್ ರಾಗ ಹಾಡುತ್ತಿರುತ್ತಿದ್ದರು. ರಾಗದ ಹೆಸರು ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ದನಿ ಮಾತ್ರ ಆಗಲೇ ಒಳಗೆ ಹೋಗಿ ಕೂತಿತ್ತು.

ಆ ಊರಿಗೆ ಹಾಡು ಹುಡುಕಿಕೊಂಡು ಬಂದವರು ಎಂಥವರು ನೋಡಿ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಗುರು ಸವಾಯಿ ಗಂಧರ್ವರ ಹತ್ತಿರ ಪಾಠಕ್ಕೆ ಹೋಗುತ್ತಿದ್ದರು. ಗದಗಿನ ಹುಡುಗ ಭೀಮಸೇನ ಜೋಶಿಗೆ ಹುಚ್ಚು ಹಿಡಿಸಿದ್ದು ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರ ಒಂದು ಗ್ರಾಮಫೋನ್ ತಟ್ಟೆ. ಆದರೆ ತಟ್ಟೆ ಕೇಳುತ್ತಾ ಮನೆಯಲ್ಲಿ ಕೂರಲು ಆಗಲಿಲ್ಲ. ಹನ್ನೊಂದರ ವಯಸ್ಸಿಗೆ ಮನೆ ಬಿಟ್ಟು, ಗುರುವಿಗಾಗಿ ಉತ್ತರದ ಊರೂರು ಅಲೆದು, ಕೊನೆಗೆ ಸವಾಯಿ ಗಂಧರ್ವರನ್ನು ಹುಡುಕಿ ಮನೆಗೆ ಹತ್ತಿರದ ಕುಂದಗೋಳಕ್ಕೇ ಬಂದರು. ಎದುರು ಕೂತು ಕೇಳಬೇಕಿತ್ತು, ಅಷ್ಟೇ.

ಮರುದಿನ ಗದಗಿಗೆ ಹೋಗಿ ವೀರೇಶ್ವರ ಪುಣ್ಯಾಶ್ರಮ ತೋರಿಸಿದೆ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಹಾಡು ಕಲಿಸಿದ ಜಾಗ. ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ ಅಂದಾಗ ಮಗಳು ಸುಮ್ನೆ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಂತಳು. ಎಲ್ಲಿಂದಲೋ ಹಾರ್ಮೋನಿಯಂ ಕೇಳುತ್ತಿತ್ತು.

ಈಗ ನಮ್ಮ ಸಂಘದ ಮಾತಿಗೆ ಬರುತ್ತೇನೆ. ನಮ್ಮಲ್ಲಿ ಕಛೇರಿ ಇದ್ದಾಗಲೆಲ್ಲ ಮಕ್ಕಳನ್ನು ಪಕ್ಕದ ಕೋಣೆಗೆ ಕಳಿಸಿ ಕಾರ್ಟೂನ್ ಹಾಕುತ್ತೇವೆ. ಗಲಾಟೆ ಆಗಬಾರದು, ಕಲಾವಿದರಿಗೆ ತೊಂದರೆ ಆಗಬಾರದು ಅಂತ. ಇಷ್ಟು ವರ್ಷ ನಾನೂ ಅದನ್ನು ಸರಿ ಅಂದುಕೊಂಡಿದ್ದೆ. ಈಗ ಅದು ತಪ್ಪು ಅನ್ನಿಸುತ್ತಿದೆ. ಎಂಟು ವರ್ಷದ ಮಗು ಮೂರು ಗಂಟೆ ಅಲುಗಾಡದೆ ಕೂರಬೇಕಿಲ್ಲ, ಅಲ್ವಾ? ಹತ್ತು ನಿಮಿಷ ಕಣ್ಣಗಲಿಸಿ ನೋಡಲಿ, ನಿದ್ದೆ ಮಾಡಲಿ, ಎದ್ದು ಮತ್ತೆ ಕೇಳಲಿ. ತೀರಾ ಚಿಕ್ಕವರು ಅತ್ತರೆ ಎತ್ತಿಕೊಂಡು ಹೊರಗೆ ಹೋಗಿ ಬಂದರಾಯಿತು.

ಆದ್ದರಿಂದ ಮುಂದಿನ ಹಿಂದೂಸ್ತಾನಿ ಕಾರ್ಯಕ್ರಮಕ್ಕೆ ಕುರ್ಚಿಗಳ ಮೊದಲ ಮೂರು ಸಾಲು ತೆಗೆಯುತ್ತಿದ್ದೇವೆ. ಅಲ್ಲಿ ಜಮಖಾನೆ, ಮಕ್ಕಳಿಗೇ ಮೀಸಲು. ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮೊದಲು ಕಲಾವಿದರು ಮಕ್ಕಳ ಎದುರಿಗೇ ತಂಬೂರಿ, ತಬಲಾ ಶ್ರುತಿ ಮಾಡಲು ಒಪ್ಪಿದ್ದಾರೆ. ಬೇಗ ಬನ್ನಿ. ಬರುವಾಗ ಮಕ್ಕಳಿಗೆ ಒಂದು ದಿಂಬು, ಒಂದು ಹೊದಿಕೆ ತನ್ನಿ.