ಕ್ಯಾರಿಬೂ: ತಲೆ ಎಣಿಸಿದರೆ ಸಾಲದು

ಮಾನ್ಯ ಸಂಪಾದಕರೇ,

ಕೆನಡಾದ ಜಾಸ್ಪರ್ ರಾಷ್ಟ್ರೀಯ ಉದ್ಯಾನದಲ್ಲಿ ಕ್ಯಾರಿಬೂ ಎಂಬ ಹಿಮನಾಡಿನ ಜಿಂಕೆಗಳನ್ನು ಬೇಲಿಯೊಳಗಿಟ್ಟು ಮರಿ ಮಾಡಿಸುವ ಯೋಜನೆಯ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಇಷ್ಟು ದೂರದ ಪ್ರಾಣಿಗೆ ಜಾಗ ಕೊಟ್ಟಿದ್ದು ಖುಷಿಯಾಯಿತು. ಆದರೆ ಸಂಖ್ಯೆ ಹೆಚ್ಚಾದರೆ ಎಲ್ಲ ಸರಿಹೋಗುತ್ತದೆ ಅನ್ನುವ ಧಾಟಿ ಆ ಸುದ್ದಿಯಲ್ಲಿತ್ತು. ನಾನಿರುವ ಎಡ್ಮಂಟನ್‌ನಿಂದ ಜಾಸ್ಪರ್ ನಾಲ್ಕು ಗಂಟೆಯ ದಾರಿ. ಈ ವಿಷಯವನ್ನು ಹತ್ತಿರದಿಂದ ನೋಡುತ್ತಾ ಬಂದಿದ್ದೇನೆ. ಅದಕ್ಕೇ ಈ ಪತ್ರ.

ಕ್ಯಾರಿಬೂ ಮತ್ತು ಯುರೋಪಿನ ರೈನ್‌ಡೀರ್ ಒಂದೇ ಜಾತಿ. ಗಂಡಿಗೂ ಕೊಂಬಿದೆ, ಹೆಣ್ಣಿಗೂ ಇದೆ. ಕೆನಡಾದ 25 ಸೆಂಟ್ ನಾಣ್ಯದ ಮೇಲೆ ಇರುವುದು ಇದರದೇ ತಲೆ. ಚಳಿಗಾಲದಲ್ಲಿ ಜಿಂಕೆ, ಎಲ್ಕ್ (ಒಂದು ಬಗೆಯ ದೊಡ್ಡ ಜಿಂಕೆ) ಎಲ್ಲ ಕಣಿವೆಗೆ ಇಳಿದರೂ ಜಾಸ್ಪರ್‌ನ ಕ್ಯಾರಿಬೂ ಎತ್ತರದಲ್ಲೇ ಉಳಿಯುತ್ತದೆ. ಅಗಲವಾದ ಗೊರಸಿನಿಂದ ಹಿಮ ಕೆದಕಿ ಅಡಿಯಲ್ಲಿರುವ ಕಲ್ಲುಹೂವು ಮೇಯುತ್ತದೆ, ಹಳೆಯ ಮರಗಳಿಂದ ಜೋತುಬಿದ್ದ ಕಲ್ಲುಹೂವನ್ನೂ ಬಿಡುವುದಿಲ್ಲ. ಹೆಣ್ಣು ವರ್ಷಕ್ಕೆ ಹಾಕುವುದು ಒಂದೇ ಮರಿ.

ಜಾಸ್ಪರ್‌ನ ಮಲೀನ್ ಹಿಂಡು 2018ರ ನಂತರ ಯಾರ ಕಣ್ಣಿಗೂ ಬಿದ್ದಿಲ್ಲ. 2020ರಲ್ಲಿ ಅದು ಅಳಿದುಹೋಯಿತೆಂದು ಪಾರ್ಕ್ಸ್ ಕೆನಡಾ ಇಲಾಖೆ ಪ್ರಕಟಿಸಿತು. ಯೋಜನೆ ತಯಾರಾಗುವ ಹೊತ್ತಿಗೆ ಟಾನ್‌ಕ್ವಿನ್ ಹಿಂಡಿನಲ್ಲಿ 50ರ ಆಸುಪಾಸು, ಬ್ರಾಜೋ ಹಿಂಡಿನಲ್ಲಿ 15ಕ್ಕಿಂತ ಕಡಿಮೆ ಉಳಿದಿದ್ದವು. ಟಾನ್‌ಕ್ವಿನ್‌ನಲ್ಲಿ ಮರಿ ಹಾಕುವ ಹೆಣ್ಣುಗಳು ಸುಮಾರು 10 ಮಾತ್ರ.

ಈ ಗತಿ ಬಂದಿದ್ದಕ್ಕೆ ಹಳೆಯ ಕಥೆಯಿದೆ. 1920ರಲ್ಲಿ ಅಲ್ಲಿಗೆ ಎಲ್ಕ್ ತಂದು ಬಿಟ್ಟರು. 1959ರವರೆಗೆ ತೋಳಗಳನ್ನು ಕೊಲ್ಲುತ್ತಿದ್ದರು. ಅದು ನಿಂತ ಮೇಲೆ ಎಲ್ಕ್ ತಿಂದು ತೋಳಗಳು ಹೆಚ್ಚಿದವು, ಜೊತೆಗೆ ಕ್ಯಾರಿಬೂಗಳೂ ಅವುಗಳ ಬಾಯಿಗೆ ಬಿದ್ದವು. ಈಗ ಎಲ್ಕ್ ಕಡಿಮೆ, ಹಾಗಾಗಿ ತೋಳವೂ ಕಡಿಮೆ. ಉದ್ಯಾನದೊಳಗೆ ಈಗ ಕ್ಯಾರಿಬೂ ಚೇತರಿಸಿಕೊಳ್ಳಬಹುದು ಎಂದು ಇಲಾಖೆಯವರೇ ಹೇಳುತ್ತಾರೆ. ಆದರೂ ಚೇತರಿಕೆ ಕಾಣುತ್ತಿಲ್ಲ. ಹಿಂಡು ಅಷ್ಟು ಸಣ್ಣದಾಗಿಬಿಟ್ಟಿದೆ.

ಸಣ್ಣ ಹಿಂಡಿಗೆ ಒಂದು ಹಿಮಕುಸಿತ ಸಾಕು. ಪಕ್ಕದ ಬ್ಯಾನ್ಫ್ ಉದ್ಯಾನದ ಕೊನೆಯ ಕ್ಯಾರಿಬೂಗಳು 2009ರಲ್ಲಿ ಸತ್ತಿದ್ದು ಹಾಗೇ. ಇದು ಕಣ್ಣಿಗೆ ಕಾಣುವ ಅಪಾಯ. ಒಳಗಿನದು ನಿಧಾನಕ್ಕೆ ಕೊರೆಯುವಂಥದ್ದು. ಬೆದೆಯ ಕಾಲದಲ್ಲಿ ಒಂದು ಬಲವಾದ ಗಂಡು ಎಷ್ಟೋ ಹೆಣ್ಣುಗಳನ್ನು ತನ್ನ ಸುತ್ತ ಇಟ್ಟುಕೊಳ್ಳುತ್ತದೆ. ಉಳಿದ ಗಂಡುಗಳು ಬದುಕಿದ್ದರೂ ಮುಂದಿನ ತಲೆಮಾರಿಗೆ ಅವುಗಳ ಪಾಲು ತೀರಾ ಕಡಿಮೆ. 50 ಪ್ರಾಣಿ ಇದ್ದರೂ ಜೀನ್‌ಗಳ ಲೆಕ್ಕದಲ್ಲಿ ಹಿಂಡು ಅದಕ್ಕಿಂತ ತುಂಬಾ ಚಿಕ್ಕದು. ಕೆಲವು ವರ್ಷದಲ್ಲಿ ಎಲ್ಲವೂ ಒಂದಕ್ಕೊಂದು ಹತ್ತಿರದ ಸಂಬಂಧಿಗಳಾಗುತ್ತವೆ. ಒಳಗೊಳಗೇ ಕೂಡಿ ಹುಟ್ಟಿದ ಮರಿಗಳು ಬಲಹೀನವಾಗುವ ಅಪಾಯ ಜಾಸ್ತಿ. ನಮ್ಮ ಕಡೆ ಕುರಿ ಸಾಕುವವರು ಕೆಲವು ವರ್ಷಕ್ಕೊಮ್ಮೆ ಬೇರೆ ಹಿಂಡಿನ ಟಗರು ತಂದು ಬಿಡುವುದು ಇದೇ ಕಾರಣಕ್ಕೆ ಅಲ್ವಾ? ಕಾಡಿನ ಹಿಂಡುಗಳ ನಡುವೆ ಮೊದಲು ಆ ಕೆಲಸ ತಾನಾಗೇ ಆಗುತ್ತಿತ್ತು. ರಸ್ತೆ, ಮರ ಕಡಿದ ಬಯಲು, ತೈಲ ಹುಡುಕಲು ಕಾಡಿನ ನಡುವೆ ಎಳೆದ ಉದ್ದುದ್ದ ಸೀಳುದಾರಿಗಳು ಬಂದ ಮೇಲೆ ಹಿಂಡುಗಳು ಒಂದರಿಂದ ಒಂದು ಬೇರೆಯಾದವು.

ಹಿಂಡಿನ ಪ್ರಾಣಿಗಳು ಎಷ್ಟು ಹತ್ತಿರದ ಸಂಬಂಧಿಗಳು ಎಂಬುದನ್ನು ಪತ್ತೆ ಮಾಡುವ ಬಗೆ ನನಗೆ ತುಂಬಾ ಹಿಡಿಸಿತು. ಹಿಮ ಬಿದ್ದ ಮೇಲೆ ಸಿಬ್ಬಂದಿ ಕ್ಯಾರಿಬೂ ಹೆಜ್ಜೆ ಹಿಡಿದು ಹೋಗಿ ಹಿಕ್ಕೆ ಆಯ್ದು ತರುತ್ತಾರೆ. ಹಿಕ್ಕೆಯ ಮೇಲಿನ ಲೋಳೆಯಲ್ಲಿ ಕರುಳಿನ ಜೀವಕೋಶಗಳು ಅಂಟಿಕೊಂಡಿರುತ್ತವೆ. ಚಳಿಗೆ ಅವು ಕೆಡುವುದಿಲ್ಲ. ಅದರಿಂದ ಡಿಎನ್‌ಎ ತೆಗೆದರೆ ಇದು ಯಾವ ಪ್ರಾಣಿ, ಗಂಡೋ ಹೆಣ್ಣೋ, ಯಾವುದಕ್ಕೆ ಸಂಬಂಧಿ ಎಲ್ಲವೂ ತಿಳಿಯುತ್ತದೆ. ಪ್ರಾಣಿಯನ್ನು ಮುಟ್ಟುವುದೇ ಬೇಡ.

ಜೀನ್‌ಗಳಲ್ಲಿ ವೈವಿಧ್ಯ ಏಕೆ ಬೇಕು ಅನ್ನುವುದಕ್ಕೆ ರೋಗದ ಉದಾಹರಣೆ ಸಾಕು. ಜಿಂಕೆ ಜಾತಿಯ ಪ್ರಾಣಿಗಳಿಗೆ ಸಿಡಬ್ಲ್ಯೂಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಎಂಬ ಮಿದುಳಿನ ರೋಗ ಬರುತ್ತದೆ. ಔಷಧಿ ಇಲ್ಲ, ಬಂದರೆ ಸಾವೇ. 2016ರಲ್ಲಿ ನಾರ್ವೆಯ ಕಾಡು ರೈನ್‌ಡೀರ್‌ನಲ್ಲಿ ಇದು ಕಂಡಾಗ, ಹರಡದಿರಲೆಂದು ನೂರ್ಡ್‌ಫ್ಯೆಲ್ಲಾದ 2000ಕ್ಕೂ ಹೆಚ್ಚು ಪ್ರಾಣಿಗಳ ಇಡೀ ಹಿಂಡನ್ನೇ ಕೊಂದುಹಾಕಿದರು. ಜಾಸ್ಪರ್ ಇರುವ ಆಲ್ಬರ್ಟಾ ಪ್ರಾಂತ್ಯದ ಕಾಡು ಜಿಂಕೆಗಳಲ್ಲಿ ಈ ರೋಗ ಈಗಾಗಲೇ ಇದೆ. ಕೆಲವು ಕ್ಯಾರಿಬೂಗಳಲ್ಲಿ ಇದಕ್ಕೆ ಸುಲಭವಾಗಿ ತುತ್ತಾಗದಂಥ ಜೀನ್ ರೂಪವೂ ಇದೆ. ಆ ರೂಪ ಹೊತ್ತ ನಾಲ್ಕು ಪ್ರಾಣಿ ಹಿಂಡಿನಲ್ಲಿ ಇದ್ದರೆ ರೋಗ ಬಂದಾಗಲೂ ಒಂದಿಷ್ಟು ಉಳಿದಾವು. ಅವು ಮೊದಲೇ ಸತ್ತುಹೋಗಿದ್ದರೆ ಆಮೇಲೆ ಎಷ್ಟು ಮರಿ ಮಾಡಿಸಿದರೂ ಆ ರೂಪ ವಾಪಸ್ ಬರುವುದಿಲ್ಲ.

ಆದ್ದರಿಂದ ಬೇರೆ ಬೇರೆ ಹಿಂಡಿನ ಪ್ರಾಣಿಗಳನ್ನು ಒಟ್ಟಿಗೆ ಸೇರಿಸುವ ಜಾಸ್ಪರ್ ಯೋಜನೆ ಸರಿಯೆಂದೇ ನನ್ನ ಅಭಿಪ್ರಾಯ. ಬೇಲಿಯೊಳಗೆ 40 ಹೆಣ್ಣುಗಳವರೆಗೆ ಸಾಕಿ, ಮರಿಗಳನ್ನು ಕಾಡಿಗೆ ಬಿಟ್ಟು ಟಾನ್‌ಕ್ವಿನ್ ಹಿಂಡನ್ನು ಕಟ್ಟುವುದು ಅವರ ಲೆಕ್ಕ. ಹಿಂಡು ಹಿಂಡಿಗೂ ಅದರದೇ ಗುಣವಿದೆ, ಬೆರೆಸಬೇಡಿ ಎನ್ನುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕಲಾಗದು. ವಲಸೆ ಹೋಗುವ ಸ್ವಭಾವಕ್ಕೂ ಜೀನ್‌ಗಳಿಗೂ ನಂಟಿದೆ ಎಂದು ಕ್ಯಾಲ್ಗರಿ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ತೋರಿಸಿದ್ದಾರೆ. ದೂರದ ಉತ್ತರದಿಂದ ಸುಮ್ನೆ ಹಿಡಿದು ತಂದರೆ ಅವು ಈ ಬೆಟ್ಟಕ್ಕೆ ಒಗ್ಗದೇ ಹೋಗಬಹುದು. ಅಕ್ಕಪಕ್ಕದ, ಹಿಂದೆ ಬೆರೆಯುತ್ತಿದ್ದ ಹಿಂಡುಗಳಿಂದ ತಂದರೆ ಆ ಭಯ ಕಡಿಮೆ. ಹತ್ತು ಹೆಣ್ಣು ಉಳಿದಿರುವಾಗ ಶುದ್ಧತೆಯ ಮಾತಾಡುತ್ತಾ ಕೂತರೆ ಹಿಂಡೇ ಇರುವುದಿಲ್ಲ.

ಜೀನ್ ಒಂದೇ ಸಾಕು ಎಂದು ನಾನೂ ಹೇಳಲಾರೆ. ಸುಪೀರಿಯರ್ ಸರೋವರದ ಮಿಶಿಪಿಕೋಟನ್ ದ್ವೀಪಕ್ಕೆ 1982ರಲ್ಲಿ ಬೆರಳೆಣಿಕೆಯ ಕ್ಯಾರಿಬೂ ಬಿಟ್ಟಿದ್ದರು. ತೋಳ ಇಲ್ಲದ ಜಾಗ, ಅಷ್ಟರಿಂದಲೇ ನೂರಾರು ಆದವು. 2014ರ ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿ ತೋಳಗಳು ನಡೆದು ಬಂದವು. ನಾಲ್ಕೇ ವರ್ಷದಲ್ಲಿ ಉಳಿದ ಕೆಲವನ್ನು ಹೆಲಿಕಾಪ್ಟರ್‌ನಲ್ಲಿ ಬೇರೆ ದ್ವೀಪಗಳಿಗೆ ಸಾಗಿಸಬೇಕಾಯಿತು.

ಎಲ್ಲಕ್ಕಿಂತ ಮುಖ್ಯ ಕೈಹಾಕುವ ಹೊತ್ತು. ಬ್ರಿಟಿಷ್ ಕೊಲಂಬಿಯಾದ ಕ್ಲಿನ್ಸೆ-ಝಾ ಹಿಂಡು 2013ರಲ್ಲಿ 38ಕ್ಕೆ ಇಳಿದಾಗಲೇ ಅಲ್ಲಿನ ಮೂಲನಿವಾಸಿಗಳಾದ ವೆಸ್ಟ್ ಮೊಬರ್ಲಿ ಮತ್ತು ಸೋಟೋ ಜನ ಕೆಲಸಕ್ಕಿಳಿದರು. ಗಬ್ಬದ ಹೆಣ್ಣುಗಳನ್ನು ಬೇಲಿಯೊಳಗೆ ತಂದು, ತಾವೇ ಕಾವಲಿದ್ದು, ಕೈಯಾರೆ ಕಲ್ಲುಹೂವು ಕೂಡಿಸಿ ತಿನ್ನಿಸಿ, ಮರಿ ಸ್ವಲ್ಪ ಬಲಿತ ಮೇಲೆ ಬಿಟ್ಟರು. ತೋಳಗಳನ್ನೂ ಕಡಿಮೆ ಮಾಡಿದರು. ಹತ್ತು ವರ್ಷದೊಳಗೆ ಹಿಂಡು 100 ದಾಟಿತು. ಅದೇ ಪ್ರಾಂತ್ಯದ ದಕ್ಷಿಣ ಸೆಲ್ಕರ್ಕ್ ಹಿಂಡಿನಲ್ಲಿ 2018ಕ್ಕೆ ಉಳಿದಿದ್ದು ಮೂರು ಹೆಣ್ಣು ಮಾತ್ರ. 2019ರ ಜನವರಿಯಲ್ಲಿ ಕೊನೆಯ ಒಂದನ್ನು ಹಿಡಿದು ಬೇರೆಡೆಗೆ ಒಯ್ದರು. ಅಲಾಸ್ಕಾ ಬಿಟ್ಟರೆ ಅಮೆರಿಕದ ನೆಲಕ್ಕೆ ಬಂದುಹೋಗುತ್ತಿದ್ದ ಕೊನೆಯ ಹಿಂಡು ಅದು.

ಕಾಡಿನ ಮಾತನ್ನೂ ಹೇಳಲೇಬೇಕು. ಹಳೆಯ ಮರ ಕಡಿದ ಕಡೆ ಎಳೆಯ ಪೊದೆ ಬೆಳೆಯುತ್ತದೆ, ಅದಕ್ಕೆ ಮೂಸ್ (ಜಿಂಕೆ ಜಾತಿಯಲ್ಲೇ ಅತಿ ದೊಡ್ಡದು) ಮತ್ತು ಜಿಂಕೆ ಬರುತ್ತವೆ, ಅವುಗಳ ಹಿಂದೆ ತೋಳ. ಬೋರಿಯಲ್ ಕಾಡಿನ, ಅಂದರೆ ಉತ್ತರದ ಸೂಜಿಎಲೆ ಮರಗಳ ಕಾಡಿನ ಕ್ಯಾರಿಬೂ ಉಳಿಯಬೇಕಾದರೆ ಅದರ ನೆಲೆಯಲ್ಲಿ ಕನಿಷ್ಠ 65% ಹಾಳಾಗದೆ ಇರಬೇಕೆಂದು ಕೆನಡಾದ ಕೇಂದ್ರ ಸರ್ಕಾರವೇ 2012ರಲ್ಲಿ ಹೇಳಿದೆ. ಆಲ್ಬರ್ಟಾದ ಲಿಟಲ್ ಸ್ಮೋಕಿ ಹಿಂಡಿನ ನೆಲೆ ಆಗಲೇ ಹೆಚ್ಚುಕಮ್ಮಿ ಪೂರ್ತಿ ಹಾಳಾಗಿತ್ತು. ಅಲ್ಲಿ ವರ್ಷ ವರ್ಷ ತೋಳ ಕೊಂದು ಹಿಂಡನ್ನು ಹಿಡಿದಿಟ್ಟಿದ್ದಾರೆ. ಇದು ನನಗೆ ತೀರಾ ನೋವು ಕೊಡುವ ಸಂಗತಿ.

ನಿಮ್ಮ ಪತ್ರಿಕೆಯನ್ನು ಇಲ್ಲಿಯೂ ಓದುವ ಕನ್ನಡಿಗರಿದ್ದಾರೆ. ಜಾಸ್ಪರ್‌ಗೆ ಹೋಗದ ಮನೆ ಇಲ್ಲ ಅನ್ನಬಹುದು. ಚಳಿಗಾಲದಲ್ಲಿ ಟಾನ್‌ಕ್ವಿನ್ ಕಡೆಯ ದಾರಿ ಮುಚ್ಚಿರುತ್ತದೆ. ನಾವು ನಡೆದು, ಸ್ಕೀ ಮಾಡಿ ಗಟ್ಟಿಯಾದ ಹಿಮದ ಮೇಲೆ ತೋಳ ಸಲೀಸಾಗಿ ಕ್ಯಾರಿಬೂ ಇರುವ ಎತ್ತರಕ್ಕೆ ಹೋಗಬಲ್ಲದು, ಅದಕ್ಕೇ ಮುಚ್ಚುವುದು. ದಯವಿಟ್ಟು ಆ ಫಲಕ ದಾಟಬೇಡಿ. ಇಲ್ಲಿ ಮತ ಹಾಕುವ ಹಕ್ಕಿರುವವರು ನಿಮ್ಮ ಪ್ರಾಂತ್ಯದ ಪ್ರತಿನಿಧಿಗೆ ಎರಡು ಸಾಲು ಬರೆದು, ಉದ್ಯಾನದ ಹೊರಗಿನ ಕ್ಯಾರಿಬೂ ಕಾಡಿನಲ್ಲಿ ಮರ ಕಡಿಯಲು ಇನ್ನೂ ಅನುಮತಿ ಏಕೆ ಕೊಡುತ್ತಿದ್ದೀರಿ ಎಂದು ಕೇಳಿ. ಸಂಪಾದಕರೇ, ಈ ಸುದ್ದಿ ಮತ್ತೆ ಬರೆಯುವಾಗ ಎಷ್ಟು ಪ್ರಾಣಿ ಎಂಬುದರ ಜೊತೆಗೆ, ಮರಿ ಹಾಕುವ ಹೆಣ್ಣು ಎಷ್ಟು, ಹೊರಗಿನಿಂದ ಹೊಸ ಗಂಡು ಬಂದಿದೆಯೇ ಎಂಬುದನ್ನೂ ಸೇರಿಸಿ ಎಂದು ಕೋರುತ್ತೇನೆ.

ಇಂತಿ,
ಆಲ್ಬರ್ಟಾದ ಓದುಗ, ಎಡ್ಮಂಟನ್